ಕ್ರತುವೂ ಮರೀಚಿಯೂ ಬೇರೆ ದಾರಿ

ಹಲ್ಮಿಡಿಯ ಶಾಸನವನ್ನು ಕಲ್ಲಿನಲ್ಲಿ ಕಂಡರಿಸಿದ ಕಾಲಕ್ಕೆ ಸ್ವಾತಿ ನಕ್ಷತ್ರ ಈಗಿರುವ ಜಾಗದಲ್ಲಿ ಇರಲಿಲ್ಲ. ಇವತ್ತು ಕಾಣುವಲ್ಲಿಂದ ಉತ್ತರಕ್ಕೆ ಸುಮಾರು ಒಂದು ಡಿಗ್ರಿ, ಅಂದರೆ ಎರಡು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಟ್ಟಷ್ಟು ದೂರದಲ್ಲಿತ್ತು. ಮೂಡಿ ಮುಳುಗುವ ದಿನನಿತ್ಯದ ಓಡಾಟದ ಮಾತು ಇದಲ್ಲ. ಅಕ್ಕಪಕ್ಕದ ಚುಕ್ಕಿಗಳ ನಡುವೆ ಸ್ವಾತಿ ತಾನೇ ಜಾಗ ಬದಲಿಸಿದೆ. ಈಗಲೂ ಬದಲಿಸುತ್ತಲೇ ಇದೆ, ಚಿತ್ತಾ ನಕ್ಷತ್ರವಿರುವ ಕನ್ಯಾರಾಶಿಯ ಕಡೆಗೆ, ವರ್ಷಕ್ಕೆ 2.28 ಆರ್ಕ್‌ಸೆಕೆಂಡಿನಂತೆ. ಒಂದು ಡಿಗ್ರಿಯನ್ನು 3,600 ಪಾಲು ಮಾಡಿದರೆ ಬರುವ ಒಂದು ಪಾಲು ಆರ್ಕ್‌ಸೆಕೆಂಡ್. ಒಂದು ರೂಪಾಯಿ ನಾಣ್ಯವನ್ನು ನಾಲ್ಕೂವರೆ ಕಿಲೋಮೀಟರ್ ಆಚೆ ಯಾರಾದರೂ ಎತ್ತಿ ಹಿಡಿದರೆ ಅದು ಎಷ್ಟು ಅಗಲ ಕಂಡೀತೋ ಅಷ್ಟು. ಎಂಬತ್ತು ವರ್ಷ ಬಾಳಿದವರ ಇಡೀ ಆಯುಷ್ಯದಲ್ಲಿ ಸ್ವಾತಿ ಸರಿಯುವುದು ಚಂದ್ರಬಿಂಬದ ಹತ್ತರಲ್ಲಿ ಒಂದು ಪಾಲು. ಬರಿಗಣ್ಣಿಗೆ ನಿಲುಕುವ ಸಂಗತಿಯಲ್ಲ. ಅಷ್ಟಾದರೂ ಬರಿಗಣ್ಣಿಗೆ ಕಾಣುವ ಬೆಳಗುವ ತಾರೆಗಳಲ್ಲಿ ಸ್ವಾತಿಯದು ಬಹಳ ವೇಗದ ನಡಿಗೆ.

ಖಗೋಳಜ್ಞರು ಇದನ್ನು ತಾರೆಯ ಸ್ವಂತ ಚಲನೆ ಎನ್ನುತ್ತಾರೆ. ನಾನು ಇದನ್ನು ಕಣ್ಣಾರೆ ನೋಡಿದ್ದು ಕಂಪ್ಯೂಟರಿನಲ್ಲಿ. ನಮ್ಮ ಸಾಗರದ ಕಡೆ ಮೃಗಶಿರ ಮಳೆ ಹಿಡಿಯಿತೆಂದರೆ ಹಸ್ತ, ಚಿತ್ತೆ ಮುಗಿಯುವ ತನಕ ರಾತ್ರಿಯ ಆಕಾಶ ಕಾಣುವುದೇ ಅಪರೂಪ. ಮಳೆಗಳಿಗೆಲ್ಲ ನಕ್ಷತ್ರದ ಹೆಸರು. ಆ ಹೆಸರಿನ ನಕ್ಷತ್ರ ಮಾತ್ರ ಆಗ ಕಣ್ಣಿಗೆ ಬೀಳದು. ಸೂರ್ಯ ಅದೇ ನಕ್ಷತ್ರದಲ್ಲಿ ಇರುತ್ತಾನಾದ್ದರಿಂದ ಮೋಡ ಇಲ್ಲದಿದ್ದರೂ ಅದು ಹಗಲಿನ ಬೆಳಕಿನಲ್ಲಿ ಮುಚ್ಚಿಹೋಗಿರುತ್ತದೆ. ಅಂಥ ತಿಂಗಳುಗಳಲ್ಲಿ ಮನೆಯೊಳಗೆ ಕೂತು ಆಕಾಶ ನೋಡುವುದಕ್ಕೆಂದು ನಾನು ಸ್ಟೆಲೇರಿಯಮ್ ಹಾಕಿಕೊಂಡೆ. ಫ್ರಾನ್ಸಿನ ಫಾಬಿಯೆನ್ ಶೆರೋ ಎಂಬ ಯುವಕ 2000ದಲ್ಲಿ ಶುರುಮಾಡಿದ ಈ ತಂತ್ರಾಂಶವನ್ನು ಈಗ ಹಲವು ದೇಶಗಳ ಸ್ವಯಂಸೇವಕರು ಸೇರಿ ಬೆಳೆಸುತ್ತಿದ್ದಾರೆ. ಹಣ ಕೊಡಬೇಕಾಗಿಲ್ಲ. ಊರಿನ ಅಕ್ಷಾಂಶ ರೇಖಾಂಶ ಕೊಟ್ಟರೆ ಆ ಊರಿನ ಆಕಾಶ, ಇಸವಿ ಕೊಟ್ಟರೆ ಆ ಇಸವಿಯ ಆಕಾಶ.

ಇಸವಿ ಬದಲಿಸಬಹುದು ಎಂಬ ಈ ಒಂದು ಅನುಕೂಲವೇ ನನ್ನನ್ನು ಹಿಡಿದು ಕೂರಿಸಿತು. ಎಫ್5 ಒತ್ತಿದರೆ ದಿನಾಂಕದ ಪುಟ್ಟ ಕಿಟಕಿ ತೆರೆದುಕೊಳ್ಳುತ್ತದೆ. ಎ ಒತ್ತಿ ವಾತಾವರಣ ತೆಗೆಯಬೇಕು, ಜಿ ಒತ್ತಿ ನೆಲ ತೆಗೆಯಬೇಕು. ಹಗಲಿನ ಬೆಳಕೂ ಮರಗಳ ಸಾಲೂ ಮಾಯವಾಗಿ ಬರೀ ನಕ್ಷತ್ರಗಳು ಉಳಿಯುತ್ತವೆ. ಆಮೇಲೆ ಸ್ವಾತಿಯ ಮೇಲೆ ಕ್ಲಿಕ್ ಮಾಡಿ, ಇಸವಿಯ ಜಾಗದಲ್ಲಿ ಹಲ್ಮಿಡಿ ಶಾಸನದ ಕಾಲದ 450 ಎಂದು ಹಾಕಿದೆ. ಮೊದಲು ಕಂಡದ್ದು ಸ್ವಾತಿಯ ಚಲನೆಯಲ್ಲ. ಇಡೀ ಆಕಾಶವೇ ಹೊರಳಿ ಕೂತಿತ್ತು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಹೊಸಬರು ಮೊದಲು ಎಡವುವುದು ಇಲ್ಲೇ. ಭೂಮಿಯ ಅಕ್ಷ ಸುಮಾರು 25,800 ವರ್ಷಕ್ಕೆ ಒಂದು ಸುತ್ತು ಓಲಾಡುತ್ತದೆ; ಅದೇ ಅಯನಚಲನೆ. ಅದರಿಂದ ನಕ್ಷತ್ರಗಳೆಲ್ಲ ವರ್ಷಕ್ಕೆ 50 ಆರ್ಕ್‌ಸೆಕೆಂಡಿನಷ್ಟು ಒಟ್ಟಾಗಿ ಸರಿದಂತೆ ಕಾಣುತ್ತವೆ. ಕ್ರಿಸ್ತಪೂರ್ವ 2800ರ ಸುಮಾರಿಗೆ ಥೂಬನ್ ಎಂಬ ಮಂಕು ತಾರೆ ಧ್ರುವದ ಜಾಗದಲ್ಲಿತ್ತು. ಇನ್ನು 12,000 ವರ್ಷಕ್ಕೆ ಅಭಿಜಿತ್ ಆ ಜಾಗದ ಹತ್ತಿರ ಬರುತ್ತದೆ. ಇದರಲ್ಲಿ ನಕ್ಷತ್ರಗಳ ಪಾತ್ರ ಏನೂ ಇಲ್ಲ. ಅವುಗಳ ನಡುವಿನ ಅಂತರ ಒಂದಿಷ್ಟೂ ಬದಲಾಗದು, ಓಲಾಡಿದ್ದು ನಾವು. ಸ್ವಾತಿಯ ಸ್ವಂತ ನಡಿಗೆಗಿಂತ ಇದು ಇಪ್ಪತ್ತು ಪಟ್ಟಿಗೂ ಹೆಚ್ಚು. ಹಾಗಾಗಿ ಪರದೆಯ ಮೇಲೆ ಇಸವಿಗಳನ್ನು ಓಡಿಸಿದಾಗ ದೊಡ್ಡದು ಸಣ್ಣದನ್ನು ನುಂಗಿಬಿಡುತ್ತದೆ. ಒಂದು ತಾರೆಯನ್ನು ಸ್ಪೇಸ್ ಬಾರ್ ಒತ್ತಿ ನಡುಮಧ್ಯಕ್ಕೆ ತಂದು ನಿಲ್ಲಿಸಿಕೊಂಡು, ಅದರ ಸುತ್ತಲಿನ ಸಣ್ಣ ಚುಕ್ಕಿಗಳನ್ನು ಗಮನಿಸುತ್ತ, ಐನೂರು ಐನೂರು ವರ್ಷ ಮುಂದೆ ಹೋಗಬೇಕು. ಆಗ ನೆರೆಯವರು ಒಬ್ಬೊಬ್ಬರಾಗಿ ಹಿಂದೆ ಬೀಳುವುದು ಕಾಣುತ್ತದೆ. ಸ್ವಾತಿಯ ಮಟ್ಟಿಗೆ ಕೆಲವೇ ಹೆಜ್ಜೆಗಳಲ್ಲಿ ಅದು ಎದ್ದು ತೋರುತ್ತದೆ. ಉಳಿದ ಬಹುಪಾಲು ತಾರೆಗಳು ಹತ್ತಿಪ್ಪತ್ತು ಸಾವಿರ ವರ್ಷ ಕೇಳುತ್ತವೆ.

ತಾರಾಲಯಗಳಲ್ಲಿ ಇದನ್ನು ತೋರಿಸುವುದು ಬಹುಕಾಲ ಸಾಧ್ಯವೇ ಇರಲಿಲ್ಲ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ 1989ರಲ್ಲಿ ಶುರುವಾದಾಗ ಅದರ ನಡುವೆ ನಿಂತಿದ್ದದ್ದು ಜರ್ಮನಿಯ ಝೈಸ್ ಪ್ರೊಜೆಕ್ಟರ್. ಅಂಥ ಯಂತ್ರದಲ್ಲಿ ಒಂದು ನಕ್ಷತ್ರವೆಂದರೆ ತೆಳು ಹಾಳೆಯಲ್ಲಿ ಕೊರೆದ ಒಂದು ಸೂಕ್ಷ್ಮ ರಂಧ್ರ. ಅದರ ಮೂಲಕ ಹಾಯ್ದ ಬೆಳಕು ಗುಮ್ಮಟದ ಮೇಲೆ ಚುಕ್ಕಿಯಾಗುತ್ತದೆ. ಯಂತ್ರವನ್ನು ಓರೆಮಾಡಿ ತಿರುಗಿಸಿ ಅಯನಚಲನೆ ತೋರಿಸಬಹುದು. ಒಂದು ರಂಧ್ರವನ್ನು ಮಾತ್ರ ಪಕ್ಕಕ್ಕೆ ಸರಿಸಲು ಹೇಗಾದೀತು? ಪ್ರತಿ ಚುಕ್ಕಿಗೂ ಪ್ರತ್ಯೇಕ ಅಂಕಿ ಇಟ್ಟುಕೊಂಡು ಆ ಅಂಕಿಯಿಂದ ಅದರ ಜಾಗ ಲೆಕ್ಕಹಾಕುವ ಕಂಪ್ಯೂಟರ್ ಬರಬೇಕಾಯಿತು. ಕಂಪ್ಯೂಟರಿನ ಎಲ್ಲ ತಂತ್ರಾಂಶಗಳೂ ಆ ಲೆಕ್ಕ ಮಾಡುತ್ತವೆ ಎಂದಲ್ಲ. ಸೆಲೆಸ್ಟಿಯಾ ನನಗೆ ಬಹಳ ಇಷ್ಟ. ಶನಿಯ ಬಳೆಗಳ ಪಕ್ಕಕ್ಕೇ ಹೋಗಿ ನಿಲ್ಲಬಹುದು ಅದರಲ್ಲಿ. ಆದರೆ ನಕ್ಷತ್ರಗಳನ್ನು ಅದು ನಿಂತಲ್ಲೇ ನಿಲ್ಲಿಸಿದೆ. ಹೈಡೆಲ್‌ಬರ್ಗಿನಲ್ಲಿ ತಯಾರಾದ ಗಾಯಾ ಸ್ಕೈ ಅವುಗಳನ್ನು ನಡೆಸುತ್ತದೆ.

ನಕ್ಷತ್ರಗಳು ನಡೆಯುತ್ತವೆಂದು ಮೊದಲು ಹೇಳಿದವನು ಎಡ್ಮಂಡ್ ಹ್ಯಾಲಿ, 1718ರಲ್ಲಿ. ಅವನ ಕೈಯಲ್ಲಿ ಟಾಲೆಮಿಯ ಆಲ್ಮಜೆಸ್ಟ್ ಇತ್ತು. ಅದರಲ್ಲಿ ಗ್ರೀಕರು ಅಳೆದ ತಾರೆಗಳ ಸ್ಥಾನಗಳಿದ್ದವು. ಅಯನಚಲನೆಯ ಪಾಲನ್ನು ಕಳೆದು ತನ್ನ ಕಾಲದ ಅಳತೆಯ ಪಕ್ಕದಲ್ಲಿಟ್ಟಾಗ ಮೂರು ತಾರೆಗಳು ಹೊಂದಲಿಲ್ಲ: ರೋಹಿಣಿ, ಲುಬ್ಧಕ, ಸ್ವಾತಿ. ಲುಬ್ಧಕವೂ ಸ್ವಾತಿಯೂ ಚಂದ್ರಬಿಂಬದಷ್ಟು, ಅದಕ್ಕಿಂತ ಹೆಚ್ಚೇ ಸರಿದಿದ್ದವು. ರೋಹಿಣಿಯ ವಿಷಯದಲ್ಲಿ ಅವನ ತೀರ್ಮಾನ ನಿಲ್ಲಲಿಲ್ಲ. ಅದರ ಚಲನೆ ವರ್ಷಕ್ಕೆ 0.2 ಆರ್ಕ್‌ಸೆಕೆಂಡ್ ಮಾತ್ರ, ಹದಿನೆಂಟು ಶತಮಾನದಲ್ಲೂ ಗ್ರೀಕರ ಅಳತೆಯ ಒರಟುತನವನ್ನು ಮೀರಿ ಕಾಣುವಷ್ಟಲ್ಲ. ಮಿಕ್ಕ ಎರಡು ಸಾಕಾದವು. ತಾರೆಗಳೆಲ್ಲ ಒಂದು ಗೋಲಕ್ಕೆ ಅಂಟಿಕೊಂಡಿವೆ ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು. ಹ್ಯಾಲಿ ಅಂದರೆ ಜನಕ್ಕೆ ಧೂಮಕೇತು ನೆನಪಾಗುತ್ತದೆ. ನನ್ನ ಲೆಕ್ಕದಲ್ಲಿ ಅವನ ದೊಡ್ಡ ಕೆಲಸ ಇದೇ.

ಅಣ್ಣನ ಮಗಳ ಮದುವೆ ವೈಶಾಖದಲ್ಲಿ ಆಯಿತು. ಸಪ್ತಪದಿ ಮುಗಿದ ಮೇಲೆ ಮಟಮಟ ಮಧ್ಯಾಹ್ನ ಭಟ್ಟರು ವಧೂವರರನ್ನು ಅಂಗಳಕ್ಕೆ ಕರೆದುಕೊಂಡು ಬಂದು, ಉತ್ತರದ ಕಡೆ ಬೆರಳು ತೋರಿಸಿ ಅರುಂಧತಿಯನ್ನು ನೋಡಿ ಅಂದರು. ಊಟವಾಗಿ ಎಲೆ ಅಡಿಕೆ ಹಾಕಿಕೊಂಡು ಜಗಲಿಯಲ್ಲಿ ಕೂತಾಗ ಅವರೇ ನನ್ನನ್ನು ಕರೆದರು. ನನ್ನ ಈ ಹವ್ಯಾಸ ಅವರಿಗೆ ಗೊತ್ತು.

"ತಂಗೀ, ಆ ನಿನ್ನ ಕಂಪ್ಯೂಟರ್ ತಗೊಂಡು ಬಾ. ಅರುಂಧತಿ ಆಗ ಎಲ್ಲಿದ್ಲು ಅಂತ ನೋಡ್ವ."

ತಂದು ತೋರಿಸಿದೆ. ಮದುವೆಯ ಹೊತ್ತನ್ನು ಕೊಟ್ಟು, ವಾತಾವರಣ ತೆಗೆದು, ಉತ್ತರಕ್ಕೆ ತಿರುಗಿಸಿದೆ. ಸಪ್ತರ್ಷಿ ಮಂಡಲ ದಿಗಂತದಿಂದ ಕೆಳಗಿತ್ತು. ನಮ್ಮ ಅಕ್ಷಾಂಶದಲ್ಲಿ ವೈಶಾಖದ ಮಧ್ಯಾಹ್ನ ಅದು ಹಾಗೇ ಇರಬೇಕು, ಮೇಲೆ ಬರುವುದು ಸಂಜೆಗೆ. ಭಟ್ಟರು ತಲೆಯಾಡಿಸಿದರು.

"ಗೃಹ್ಯಸೂತ್ರದಲ್ಲಿ ಹೇಳಿದ್ದೂ ನಕ್ಷತ್ರ ಮೂಡಿದ ಮೇಲೆ ತೋರಿಸು ಅಂತಲೇ. ಧ್ರುವನನ್ನೂ ಅರುಂಧತಿಯನ್ನೂ ಕಂಡ ಮೇಲೇ ಅವತ್ತಿನ ಶಾಸ್ತ್ರ ಮುಗಿಯೂದು. ಮುಹೂರ್ತ ಹಗಲಿಗೆ ಬಂತು, ನಾವು ಬೆರಳು ತೋರ್ಸೂದು ಉಳ್ಕಂಡ್ತು. ಇವತ್ತು ರಾತ್ರಿ ಹುಡುಗ ಹುಡುಗಿ ಇಬ್ರನ್ನೂ ಕರ್ಕೊಂಡು ಹೋಗಿ ಸರಿಯಾಗಿ ತೋರ್ಸು."

ರಾತ್ರಿ ಒಂಬತ್ತಕ್ಕೆ ತೋರಿಸಿದೆ. ಅದಕ್ಕೂ ಮೊದಲು, ಜಗಲಿಯಲ್ಲೇ, ಭಟ್ಟರು ಇನ್ನೊಂದು ಪ್ರಶ್ನೆ ಕೇಳಿದ್ದರು: ಮುಂದೆ ಇವರೆಲ್ಲ ಎಲ್ಲಿ ಹೋಗುತ್ತಾರೆ? ಇಸವಿಯ ಜಾಗದಲ್ಲಿ 20000 ಹಾಕಿದೆ, ಆಮೇಲೆ 50000, ಆಮೇಲೆ ತಂತ್ರಾಂಶ ಒಪ್ಪುವ ಕೊನೆಯ ಅಂಕಿಯ ಹತ್ತಿರಕ್ಕೆ.

ಸಪ್ತರ್ಷಿಗಳ ಹೆಸರನ್ನು ಸಾಲಾಗಿ ಹೇಳುವುದಾದರೆ ಚೌಕದ ನಾಲ್ಕು ಮೂಲೆಗೆ ಕ್ರತು, ಪುಲಹ, ಪುಲಸ್ತ್ಯ, ಅತ್ರಿ. ಬಾಲದಲ್ಲಿ ಅಂಗಿರಸ, ವಸಿಷ್ಠ, ತುದಿಗೆ ಮರೀಚಿ. ವಸಿಷ್ಠನ ಮಗ್ಗುಲಲ್ಲೇ ಸಣ್ಣಗೆ ಅರುಂಧತಿ. ಇಬ್ಬರ ನಡುವೆ 12 ಆರ್ಕ್‌ಮಿನಿಟ್, ಚಂದ್ರಬಿಂಬದ ಮೂರನೇ ಒಂದಕ್ಕಿಂತ ತುಸು ಹೆಚ್ಚು. ಈ ಎಂಟು ಜನರಲ್ಲಿ ನಡುವಿನ ಐವರೂ ಅರುಂಧತಿಯೂ ಪೂರ್ವಕ್ಕೆ ನಡೆಯುತ್ತಿದ್ದಾರೆ. ಕ್ರತು ಮತ್ತು ಮರೀಚಿ ಪಶ್ಚಿಮಕ್ಕೆ. ವಸಿಷ್ಠನ ಚಲನೆ ವರ್ಷಕ್ಕೆ 0.12 ಆರ್ಕ್‌ಸೆಕೆಂಡ್, ಚಂದ್ರಬಿಂಬದಷ್ಟು ಸರಿಯುವುದಕ್ಕೆ 15,000 ವರ್ಷ ಬೇಕು. ಅದನ್ನೇ 1,00,000 ವರ್ಷಕ್ಕೆ ಗುಣಿಸಿದರೆ ಮೂರು ಡಿಗ್ರಿ ದಾಟುತ್ತದೆ. ಎದುರು ದಿಕ್ಕಿಗೆ ಹೋಗುವವರದೂ ಅಷ್ಟೇ ಇರುವುದರಿಂದ ಅಂತರ ದುಪ್ಪಟ್ಟಾಗುತ್ತದೆ. ಪರದೆಯ ಮೇಲೆ ಮರೀಚಿ ಬಾಲದ ತುದಿಯಿಂದ ಒಳಕ್ಕೆ ಮಡಚಿಕೊಂಡು ವಸಿಷ್ಠನನ್ನು ದಾಟಿ ಆಚೆ ಬದಿಗೆ ಬಂದ. ಕ್ರತು ಚೌಕದಿಂದ ಹೊರಕ್ಕೆ ಜಾರಿ ಅದರ ಬಾಯಿಯನ್ನು ಅಗಲಿಸಿದ. ಪುಲಹ ಮತ್ತು ಕ್ರತುವನ್ನು ಸೇರಿಸಿ ಗೆರೆ ಎಳೆದು ಧ್ರುವವನ್ನು ಹುಡುಕುವುದು ನಾವು ಮಕ್ಕಳಿಗೆ ಕಲಿಸುವ ಮೊದಲ ಪಾಠ. ಆ ಕಾಲಕ್ಕೆ ಆ ಗೆರೆ ಎತ್ತಲೋ ಹೋಗುತ್ತದೆ.

"ಹಂಗಾದ್ರೆ ವಸಿಷ್ಠರೂ ಅರುಂಧತಿಯೂ ಒಟ್ಟಿಗೇ ಹೋಗ್ತಾರೆ ಅಂತಾಯ್ತಲ್ಲ ತಂಗಿ?"

"ಹೌದು ಭಟ್ರೇ, ಒಂದೇ ದಿಕ್ಕು, ಹೆಚ್ಚುಕಡಿಮೆ ಒಂದೇ ವೇಗ."

"ಉಳ್ದ ನಾಲ್ವರು ಋಷಿಗಳೂ ಅವರ ಸಂಗಡ. ಕ್ರತು, ಮರೀಚಿ ಮಾತ್ರ ಬೇರೆ ದಾರಿ."

ಅಷ್ಟು ಹೇಳಿ ಅವರು ಮತ್ತೆ ಹಿಂದಕ್ಕೆ ಓಡಿಸು, ಮತ್ತೆ ಮುಂದಕ್ಕೆ ಓಡಿಸು ಎಂದು ನೋಡುತ್ತಲೇ ಕೂತರು. ಈ ಐವರ ಗುಂಪನ್ನು ಮೊದಲು ಗುರುತಿಸಿದವರು ಇಂಗ್ಲೆಂಡಿನ ರಿಚರ್ಡ್ ಪ್ರಾಕ್ಟರ್, 1869ರಲ್ಲಿ. ತಾರೆಗಳ ಚಲನೆಯನ್ನು ನಕ್ಷೆಯ ಮೇಲೆ ಸಣ್ಣ ಬಾಣಗಳಾಗಿ ಬರೆದು ನೋಡಿದಾಗ ಐದು ಬಾಣಗಳು ಒಂದೇ ಕಡೆ ಮುಖಮಾಡಿದ್ದವು. ಅವು ಸುಮ್ಮನೆ ಒಂದೇ ಕಡೆ ಕಾಣುವ ತಾರೆಗಳಲ್ಲ, ಸುಮಾರು 40 ಕೋಟಿ ವರ್ಷಗಳ ಹಿಂದೆ ಒಂದೇ ಮೋಡದಲ್ಲಿ ಹುಟ್ಟಿದ ಒಡಹುಟ್ಟುಗಳು ಎಂದು ಈಗ ಗೊತ್ತಾಗಿದೆ. ನಮ್ಮಿಂದ ಸುಮಾರು 80 ಜ್ಯೋತಿರ್ವರ್ಷ ದೂರ. ಮರೀಚಿ 104, ಕ್ರತು 120ಕ್ಕೂ ಹೆಚ್ಚು. ಅವರಿಬ್ಬರೂ ಬೇರೆ ಮನೆತನದವರು, ನಮ್ಮ ನೋಟದ ಗೆರೆಯಲ್ಲಿ ಈ ಕಾಲಕ್ಕೆ ಬಂದು ನಿಂತವರು. ವಸಿಷ್ಠ ದೂರದರ್ಶಕದಲ್ಲಿ ಎರಡಾಗಿ ಕಾಣುತ್ತಾನೆ, ಆ ಎರಡರಲ್ಲಿ ಒಂದೊಂದೂ ಮತ್ತೆ ಜೋಡಿ. ಅರುಂಧತಿಗೂ ಒಂದು ಮಂಕು ಜೊತೆಗಾರ ತಾರೆ ಇರುವುದು 2009ರಲ್ಲಿ ತಿಳಿಯಿತು. ಒಟ್ಟು ಆರು. ವಸಿಷ್ಠ ಅರುಂಧತಿಯರನ್ನು ಗುರುತ್ವಾಕರ್ಷಣೆ ಕಟ್ಟಿಹಾಕಿದೆಯೇ ಎಂಬುದು ಇನ್ನೂ ಚರ್ಚೆಯಲ್ಲಿರುವ ಮಾತು. ಜೊತೆಗೆ ನಡೆಯುತ್ತಿದ್ದಾರೆ ಎಂಬುದರಲ್ಲಿ ಚರ್ಚೆ ಇಲ್ಲ.

ಸಪ್ತರ್ಷಿಗಳು ಚಲಿಸುತ್ತಾರೆ ಎಂದು ನಮ್ಮ ಹಿಂದಿನವರೂ ಹೇಳಿದ್ದರು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅವರು ಒಂದೊಂದು ನಕ್ಷತ್ರದಲ್ಲಿ ನೂರು ನೂರು ವರ್ಷ ಇರುತ್ತಾರೆಂದಿದೆ. ಕಾಶ್ಮೀರದಲ್ಲಿ ಅದರ ಮೇಲೆ ಒಂದು ಶಕವನ್ನೇ ಎಣಿಸುತ್ತಿದ್ದರು. ಒಂದು ನಕ್ಷತ್ರವೆಂದರೆ 13 ಡಿಗ್ರಿ 20 ಮಿನಿಟ್. ನೂರು ವರ್ಷಕ್ಕೆ ಅಷ್ಟು ಎಂದರೆ ವರ್ಷಕ್ಕೆ 480 ಆರ್ಕ್‌ಸೆಕೆಂಡ್, ನಿಜವಾದ ಚಲನೆಯ ನಾಲ್ಕು ಸಾವಿರ ಪಟ್ಟು. ಆದ್ದರಿಂದ ಇದನ್ನು ಹಿಡಿದುಕೊಂಡು ಸ್ವಂತ ಚಲನೆ ನಮಗೆ ಮೊದಲೇ ಗೊತ್ತಿತ್ತು ಎನ್ನಲು ಬರುವುದಿಲ್ಲ. ಅದು ಕಾಲವನ್ನು ಎಣಿಸಲು ಮಾಡಿಕೊಂಡ ಒಂದು ಏರ್ಪಾಡು, ಹಾಗೆಯೇ ಓದಿದರೆ ಅದಕ್ಕೂ ಗೌರವ.

ಇಂಥ ತಂತ್ರಾಂಶ ಕೈಗೆ ಬಂದ ಮೇಲೆ ಇನ್ನೊಂದು ಬಗೆಯ ಉತ್ಸಾಹವೂ ಬೆಳೆದಿದೆ. ಭೀಷ್ಮಪರ್ವದ ಆರಂಭದಲ್ಲಿ ವ್ಯಾಸರು ಧೃತರಾಷ್ಟ್ರನಿಗೆ ಅಪಶಕುನಗಳನ್ನು ಎಣಿಸುತ್ತ ಅರುಂಧತಿ ವಸಿಷ್ಠನನ್ನು ಹಿಂದಕ್ಕೆ ಹಾಕಿದಳು ಎನ್ನುತ್ತಾರೆ. ಈಗ ವಸಿಷ್ಠ ಮೊದಲು, ಅರುಂಧತಿ ಆಮೇಲೆ ನೆತ್ತಿಗೆರೆ ದಾಟುತ್ತಾರೆ. ತಂತ್ರಾಂಶದಲ್ಲಿ ಹಿಂದಕ್ಕೆ ಹೋಗುತ್ತ ಹೋಗಿ, ಈ ಕ್ರಮ ಯಾವಾಗ ಅದಲುಬದಲಾಗಿತ್ತು ಎಂದು ನೋಡಿ, ಅದರ ಮೇಲೆ ಭಾರತಯುದ್ಧದ ಇಸವಿ ಕಟ್ಟಿದವರಿದ್ದಾರೆ. ನಾನೂ ಹಿಂದಕ್ಕೆ ಹೋಗಿ ನೋಡಿದ್ದೇನೆ. ಕ್ರಮ ಬದಲಾಗುವುದು ನಿಜ. ಆದರೆ ಇಬ್ಬರೂ ಒಬ್ಬರನ್ನೊಬ್ಬರು ದಾಟಿ ಹೋಗಿದ್ದರಿಂದ ಹಾಗಾಗುವುದಲ್ಲ. ಇಬ್ಬರ ಸ್ವಂತ ಚಲನೆಯ ವ್ಯತ್ಯಾಸ ಎಷ್ಟು ಕಡಿಮೆಯೆಂದರೆ ಐದು ಸಾವಿರ ವರ್ಷಕ್ಕೆ ಒಂದು ಆರ್ಕ್‌ಮಿನಿಟೂ ತುಂಬುವುದಿಲ್ಲ; ನಡುವಿನ ಅಂತರ ಹನ್ನೆರಡು. ಅಯನಚಲನೆಯಿಂದ ಧ್ರುವದ ಜಾಗ ಬದಲಾಗಿ, ಆಕಾಶದ ಆ ಮೂಲೆಯಲ್ಲಿ ಯಾವುದು ಉತ್ತರ ಎಂಬುದೇ ತಿರುಗುತ್ತದೆ. ಯಾರು ಮುಂದೆ, ಯಾರು ಹಿಂದೆ ಎಂಬುದು ಅದರೊಂದಿಗೆ ಬದಲಾಗುತ್ತದೆ. ಅಂಗಳದಲ್ಲಿ ನಿಂತು ನೋಡುವವರಿಗೆ ಆ ಎರಡು ಚುಕ್ಕಿಗಳು ಎಂದಿನಂತೆ ಅಕ್ಕಪಕ್ಕದಲ್ಲೇ ಇರುತ್ತವೆ. ಅದೇ ಪರ್ವದ ಮುಂದಿನ ಅಧ್ಯಾಯದಲ್ಲಿ ಹಸುಗಳ ಹೊಟ್ಟೆಯಲ್ಲಿ ಕತ್ತೆಗಳು ಹುಟ್ಟುತ್ತಿವೆ ಎಂದು ಬರುತ್ತದೆ. ಲೋಕದ ಕ್ರಮವೇ ತಲೆಕೆಳಗಾಯಿತು ಎನ್ನುವುದಕ್ಕೆ ಕವಿ, ಎಂದೂ ಬದಲಾಗದ ಜೋಡಿಯೇ ಬದಲಾಯಿತು ಎಂದ. ನಾನು ಹಾಗೆ ಓದುತ್ತೇನೆ. ಹಾಗೆ ಓದಿದಾಗಲೇ ಆ ಮಾತಿಗೆ ಬಲ ಬರುತ್ತದೆ.

ತಂತ್ರಾಂಶದ ಮಿತಿಯೂ ಇಲ್ಲಿದೆ. ಒಂದು ತಾರೆ ಇಂದು ಹೋಗುತ್ತಿರುವ ದಿಕ್ಕಿಗೇ, ಇಂದಿನ ವೇಗದಲ್ಲೇ ನೆಟ್ಟಗೆ ಹೋಗುತ್ತಲೇ ಇರುತ್ತದೆ ಎಂದಿಟ್ಟುಕೊಂಡು ಅದು ಗುಣಾಕಾರ ಮಾಡುತ್ತದೆ. ನಿಜದಲ್ಲಿ ತಾರೆ ನಮ್ಮ ಹತ್ತಿರ ಬರುತ್ತಿದ್ದರೆ ಅದರ ತೋರಿಕೆಯ ವೇಗ ಹೆಚ್ಚುತ್ತದೆ, ದೂರ ಸರಿಯುತ್ತಿದ್ದರೆ ತಗ್ಗುತ್ತದೆ; ಈಚಿನ ಆವೃತ್ತಿಗಳು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿವೆ. ಜೋಡಿ ತಾರೆಗಳದು ಇನ್ನೂ ತೊಡಕು. 1844ರಲ್ಲಿ ಬೆಸೆಲ್ ಲುಬ್ಧಕದ ಹಾದಿ ನೆಟ್ಟಗಿಲ್ಲ, ಅಲೆಯಂತೆ ಬಳುಕುತ್ತಿದೆ, ಕಾಣದ ಸಂಗಾತಿಯೊಂದು ಅದನ್ನು ಎಳೆಯುತ್ತಿದೆ ಎಂದ. 1862ರಲ್ಲಿ ಅಮೆರಿಕದ ಆಲ್ವನ್ ಗ್ರಹಾಮ್ ಕ್ಲಾರ್ಕ್ ಹೊಸ ಮಸೂರವೊಂದನ್ನು ಪರೀಕ್ಷಿಸುವಾಗ ಆ ಸಂಗಾತಿ ಕಣ್ಣಿಗೆ ಬಿತ್ತು. ವಸಿಷ್ಠನ ಎರಡು ತಾರೆಗಳು ಒಂದನ್ನೊಂದು ಸುತ್ತುವುದಕ್ಕೆ ಸಾವಿರಾರು ವರ್ಷ ಬೇಕು; ನಾಲ್ಕಾರು ವರ್ಷದ ಅಳತೆಯಲ್ಲಿ ಸುತ್ತುವುದೂ ಸಾಗುವುದೂ ಬೆರೆತುಕೊಂಡಿರುತ್ತದೆ. ಅಂಥ ಅಂಕಿಯನ್ನು ಹತ್ತು ಸಾವಿರ ವರ್ಷಕ್ಕೆ ಗುಣಿಸಿದವರು ಉತ್ತರದ ಜೊತೆಗೆ ಅನುಮಾನವನ್ನೂ ಗುಣಿಸಿಕೊಳ್ಳಬೇಕು. ಗ್ರಹಗಳ ವಿಷಯದಲ್ಲಂತೂ ಅಷ್ಟು ದೂರದ ಇಸವಿಗೆ ಪರದೆಯನ್ನು ನಂಬಲೇಬಾರದು.

ಹಾಗಾದರೆ ಆ ಅಂಕಿಗಳು ಎಲ್ಲಿಂದ ಬಂದವು? ನನಗೆ ಎಲ್ಲಕ್ಕಿಂತ ಹೆಚ್ಚು ಮನಸ್ಸು ತುಂಬಿದ್ದು ಈ ಹುಡುಕಾಟ. ಸ್ವಂತ ಚಲನೆಯನ್ನು ಒಂದೇ ರಾತ್ರಿಯಲ್ಲಿ ಅಳೆಯಲಾಗುವುದಿಲ್ಲ. ಒಂದು ಹಳೆಯ ಅಳತೆ ಬೇಕು, ಒಂದು ಹೊಸದು ಬೇಕು, ನಡುವೆ ಕಾಲ ಕಳೆಯಬೇಕು. ಪ್ಯಾರಿಸ್ ವೀಕ್ಷಣಾಲಯದ ನೇತೃತ್ವದಲ್ಲಿ 1887ರಲ್ಲಿ ಒಂದು ಮಹಾಯೋಜನೆ ಶುರುವಾಯಿತು: ಇಡೀ ಆಕಾಶವನ್ನು ಗಾಜಿನ ಫಲಕಗಳ ಮೇಲೆ ಫೋಟೋ ಹಿಡಿದು ತಾರೆಗಳ ಸ್ಥಾನ ದಾಖಲಿಸುವುದು. ಕಾರ್ತ್ ದ್ಯು ಸಿಯೆಲ್ ಎಂದು ಅದರ ಹೆಸರು. ಆಕಾಶವನ್ನು ಪಟ್ಟೆಪಟ್ಟೆಯಾಗಿ ಭಾಗ ಮಾಡಿ ಜಗತ್ತಿನ ಇಪ್ಪತ್ತರಷ್ಟು ವೀಕ್ಷಣಾಲಯಗಳು ಹಂಚಿಕೊಂಡವು. ದಕ್ಷಿಣದ 17ರಿಂದ 23 ಡಿಗ್ರಿಯ ಪಟ್ಟೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ ಪಾಲಿಗೆ ಬಂತು. ಕಲಬುರಗಿ, ಬೀದರ, ರಾಯಚೂರು ಆಗ ಹೈದರಾಬಾದ್ ಸಂಸ್ಥಾನಕ್ಕೇ ಸೇರಿದ್ದವು.

ನವಾಬ್ ಜಫರ್ ಜಂಗ್ ಸ್ವಂತ ಖರ್ಚಿನಲ್ಲಿ ಇಂಗ್ಲೆಂಡಿನಿಂದ ದೂರದರ್ಶಕ ತರಿಸಿ 1901ರಲ್ಲಿ ಕಟ್ಟಿದ ವೀಕ್ಷಣಾಲಯ ಅದು. 1908ರಲ್ಲಿ ನಿಜಾಮ ಸರ್ಕಾರ ವಹಿಸಿಕೊಂಡಿತು. ಎಂಟು ಇಂಚಿನ ಕುಕ್ ದೂರದರ್ಶಕದಲ್ಲಿ ಫಲಕಗಳನ್ನು ತೆಗೆದರು. ಪ್ರತಿ ಫಲಕದ ಮೇಲೂ ಐದು ಮಿಲಿಮೀಟರ್ ಅಂತರದ ಸಣ್ಣ ಗೆರೆಗಳ ಜಾಲ ಮೊದಲೇ ಅಚ್ಚಾಗಿರುತ್ತಿತ್ತು. ಸೂಕ್ಷ್ಮದರ್ಶಕದ ಕೆಳಗೆ ಫಲಕವಿಟ್ಟು, ಒಂದೊಂದು ಕಪ್ಪು ಚುಕ್ಕಿಯೂ ಗೆರೆಗಳಿಂದ ಎಷ್ಟು ದೂರವೆಂದು ಎರಡು ದಿಕ್ಕಿನಲ್ಲೂ ಓದಿ ಬರೆದುಕೊಳ್ಳಬೇಕು. ಒಂದು ಚುಕ್ಕಿ ಆದ ಮೇಲೆ ಇನ್ನೊಂದು. ಟಿ.ಪಿ. ಭಾಸ್ಕರನ್ ಅವರ ನಿರ್ದೇಶನದ ಕಾಲದಲ್ಲಿ ಅಲ್ಲಿಯ ಪಟ್ಟಿ ಏಳೂವರೆ ಲಕ್ಷ ತಾರೆಗಳನ್ನು ದಾಟಿತು. ವ್ಯಾಟಿಕನ್ನಿನ ಪಾಲಿನ ಫಲಕಗಳನ್ನು ಅಳೆದವರು ನಾಲ್ವರು ಕ್ರೈಸ್ತ ಸನ್ಯಾಸಿನಿಯರು. ಹೈದರಾಬಾದಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂತ ಸಹಾಯಕರ ಹೆಸರನ್ನು ಯಾರೂ ಎತ್ತಿ ಹೇಳುವುದಿಲ್ಲ. ಅದೇ ವೀಕ್ಷಣಾಲಯದಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರ ಮಗ ವೈನು ಬಾಪ್ಪು. ಮುಂದೆ ಕಾವಲೂರಿನ ವೀಕ್ಷಣಾಲಯ ಕಟ್ಟಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಜೀವ ಕೊಟ್ಟವರು ಅವರೇ.

ಫೋಟೋ ತೆಗೆದ ಕಾಲಕ್ಕೆ ಈ ಕೆಲಸದಿಂದ ಅಂಥ ಉಪಯೋಗವೇನೂ ಆಗಲಿಲ್ಲ. ಎಷ್ಟೋ ವೀಕ್ಷಣಾಲಯಗಳ ದಶಕಗಟ್ಟಲೆ ದುಡಿಮೆ ದಪ್ಪ ದಪ್ಪ ಸಂಪುಟಗಳಾಗಿ ಕಪಾಟಿನಲ್ಲಿ ಕೂತಿತ್ತು. ಆಮೇಲೆ 1989ರಲ್ಲಿ ಯೂರೋಪಿನ ಹಿಪ್ಪಾರ್ಕೋಸ್ ಉಪಗ್ರಹ ಹಾರಿತು. ಮೋಟಾರು ಹತ್ತಿಕೊಳ್ಳದೆ ಅದು ಬೇಕಾದ ಕಕ್ಷೆ ಮುಟ್ಟಲಿಲ್ಲ, ಆದರೂ 1,18,218 ತಾರೆಗಳನ್ನು ಆರ್ಕ್‌ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿನಷ್ಟು ನಿಖರವಾಗಿ ಅಳೆದುಬಿಟ್ಟಿತು. ಅದೇ ಉಪಗ್ರಹದ ಇನ್ನೊಂದು ಉಪಕರಣ ಇನ್ನೂ ಲಕ್ಷಗಟ್ಟಲೆ ತಾರೆಗಳ ಸ್ಥಾನ ಕೊಟ್ಟಿತು. ಇದು ಹೊಸ ಅಳತೆ. ಹಳೆಯದು ಎಲ್ಲಿ? ಕಪಾಟಿನಲ್ಲಿ. ಕೋಪನ್‌ಹೇಗನ್ನಿನ ಎರಿಕ್ ಹೋಗ್ ಮತ್ತು ಸಂಗಡಿಗರು ಕಾರ್ತ್ ದ್ಯು ಸಿಯೆಲ್‌ನ ಸಂಪುಟಗಳನ್ನೂ ಇನ್ನು 143 ಹಳೆಯ ಪಟ್ಟಿಗಳನ್ನೂ ಉಪಗ್ರಹದ ಅಳತೆಯ ಜೊತೆಗಿಟ್ಟು, 25 ಲಕ್ಷ ತಾರೆಗಳ ಸ್ವಂತ ಚಲನೆ ಲೆಕ್ಕಹಾಕಿ 2000ದಲ್ಲಿ ಪ್ರಕಟಿಸಿದರು. ಅದು ಟೈಕೋ-2 ಪಟ್ಟಿ. ವರ್ಷಗಟ್ಟಲೆ ಸ್ಟೆಲೇರಿಯಮ್ಮಿನ ಒಳಗೆ ಇದ್ದದ್ದು ಆ ಪಟ್ಟಿ. ಅನುರಾಧಾ ನಕ್ಷತ್ರದ ಮೇಲ್ಗಡೆಯ ಸಣ್ಣ ಚುಕ್ಕಿಗಳನ್ನು ನಾನು ಪರದೆಯ ಮೇಲೆ ಹಿಂದೆ ಮುಂದೆ ಓಡಿಸಿದಾಗಲೆಲ್ಲ, ಹೈದರಾಬಾದಿನಲ್ಲಿ ಯಾರೋ ಗೆರೆಗಳ ನಡುವೆ ಓದಿ ಬರೆದ ಅಂಕಿ ಅಲ್ಲಿ ಕೆಲಸ ಮಾಡುತ್ತಿತ್ತು. ಇದು ತಿಳಿದ ದಿನ ನಾನು ಬಹಳ ಹೊತ್ತು ಬೇರೆ ಏನನ್ನೂ ಮಾಡಲಿಲ್ಲ.

ಈಗ ಗಾಯಾ ಉಪಗ್ರಹದ ಕಾಲ. 2013ರ ಡಿಸೆಂಬರಿನಲ್ಲಿ ಹಾರಿ, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ ನಿಂತು, 180 ಕೋಟಿ ತಾರೆಗಳನ್ನು ಮತ್ತೆ ಮತ್ತೆ ಅಳೆದು, 2025ರ ಜನವರಿಯಲ್ಲಿ ಅದು ಅಳೆಯುವ ಕೆಲಸ ಮುಗಿಸಿತು. ತಂತ್ರಾಂಶಗಳಿಗೆ ಈಗ ಅದರ ಅಂಕಿಗಳು ಬಂದಿವೆ. ಆದರೆ ಗಾಯಾದ ಕಣ್ಣು ಮಂಕು ತಾರೆಗಳಿಗೆಂದು ಮಾಡಿದ್ದು. ತೀರಾ ಬೆಳಗುವವು ಅದರ ಕಣ್ಣು ಕೋರೈಸುತ್ತವೆ. ಲುಬ್ಧಕ, ಸ್ವಾತಿ, ಅಭಿಜಿತ್ ಅದರ ಪಟ್ಟಿಯಲ್ಲಿ ಇಲ್ಲ. ಅವುಗಳಿಗೆ ಈಗಲೂ ಹಿಪ್ಪಾರ್ಕೋಸ್ ಕೊಟ್ಟ ಅಂಕಿಯೇ ಆಧಾರ.

ನಮ್ಮ ಊರಿನ ಹೈಸ್ಕೂಲ್ ಮಕ್ಕಳಿಗೆ ನಾನು ಹೇಳುವುದು ಬಾರ್ನಾರ್ಡ್ ತಾರೆಯ ವಿಷಯ. 1916ರಲ್ಲಿ ಎಡ್ವರ್ಡ್ ಎಮರ್ಸನ್ ಬಾರ್ನಾರ್ಡ್ ಆ ವರ್ಷದ ಫಲಕವನ್ನು 1894ರ ಫಲಕದ ಪಕ್ಕದಲ್ಲಿಟ್ಟು ನೋಡಿ, ಒಂದು ಮಂಕು ಕೆಂಪು ಚುಕ್ಕಿ ಜಾಗ ಬಿಟ್ಟು ಬಹುದೂರ ಹೋಗಿರುವುದನ್ನು ಕಂಡ. ವರ್ಷಕ್ಕೆ ಹತ್ತು ಆರ್ಕ್‌ಸೆಕೆಂಡಿಗೂ ಹೆಚ್ಚು. ಆಕಾಶದಲ್ಲಿ ಇದಕ್ಕಿಂತ ವೇಗದ ತಾರೆ ಇನ್ನೊಂದಿಲ್ಲ. ದೂರ ಆರು ಜ್ಯೋತಿರ್ವರ್ಷ. 1963ರಲ್ಲಿ ಪೀಟರ್ ವಾನ್ ಡೆ ಕಾಂಪ್ ಅದರ ಹಾದಿಯಲ್ಲಿ ಬಳುಕು ಕಂಡು ಗ್ರಹವೊಂದಿದೆ ಎಂದರು. ಬಳುಕಿದ್ದು ದೂರದರ್ಶಕವೆಂದು ಹತ್ತು ವರ್ಷದ ಮೇಲೆ ಗೊತ್ತಾಯಿತು. ನಿಜವಾದ ಗ್ರಹ ಸಿಕ್ಕಿದ್ದು 2024ರಲ್ಲಿ, ಚಿಲಿಯ ದೂರದರ್ಶಕದಿಂದ, ಬೇರೆಯೇ ವಿಧಾನದಲ್ಲಿ.

ಆ ತಾರೆ ಇರುವುದು ವೃಶ್ಚಿಕದ ಮೇಲ್ಗಡೆಯ ಉರಗಧರ ಪುಂಜದಲ್ಲಿ. ರಾತ್ರಿ ಹೊತ್ತು ಅದು ಚೆನ್ನಾಗಿ ಮೇಲೆ ಬರುವ ತಿಂಗಳುಗಳಲ್ಲಿ ನಮಗೆ ಮಳೆ. ಮಾರ್ಚ್ ಏಪ್ರಿಲ್‌ನಲ್ಲಿ ನಸುಕಿಗೆ ಎದ್ದರೆ ಸಿಗುತ್ತದೆ. ಬರಿಗಣ್ಣಿಗೆ ಕಾಣದು, ನಾಲ್ಕು ಇಂಚಿನ ದೂರದರ್ಶಕ ಸಾಕು. ಸ್ಟೆಲೇರಿಯಮ್ಮಿನಲ್ಲಿ ಈ ವರ್ಷದ ಜಾಗಕ್ಕೊಂದು ನಕ್ಷೆ, ಹತ್ತು ವರ್ಷದ ನಂತರದ ಜಾಗಕ್ಕೊಂದು ನಕ್ಷೆ ಮುದ್ರಿಸಿಕೊಂಡರೆ ಉತ್ತರಕ್ಕೆ 1.7 ಆರ್ಕ್‌ಮಿನಿಟ್ ಸರಿದಿರುವುದು ಕಾಣುತ್ತದೆ. ಇಂದು ಒಂಬತ್ತನೇ ಕ್ಲಾಸಿನಲ್ಲಿರುವವರು ಇಂದು ಒಂದು ಫೋಟೋ ತೆಗೆದರೆ, ಇಪ್ಪತ್ತೈದರ ಹತ್ತಿರ ಬಂದಾಗ ಎರಡನೆಯದು ತೆಗೆಯಬಹುದು. ಫೋಟೋದ ಜೊತೆ ದಿನಾಂಕ, ಹೊತ್ತು, ಊರು ಬರೆದಿಡಬೇಕು. ಮೊದಲನೆಯದು ಎಂದು ತೆಗೆದದ್ದೆಂದು ಗೊತ್ತಿಲ್ಲದಿದ್ದರೆ ಎರಡನೆಯದರಿಂದ ಅಳೆಯಲು ಏನೂ ಉಳಿಯುವುದಿಲ್ಲ.